ಅತ್ತೆಯ ಮಾತಿನ ಮೂಲ ಹುಡುಕಿದ್ದು

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅಲ್ಲಿ ಎಲ್ಲರೂ ನನ್ನನ್ನು ‘ಕೆಂಪು ಪೆನ್ನು’ ಎಂದೇ ಕರೆಯುತ್ತಾರೆ. ನನ್ನ ಕಣ್ಣಿಗೆ ಬಿದ್ದ ತಪ್ಪು ಜೀವ ಉಳಿಸಿಕೊಂಡು ಹೋದ ಚರಿತ್ರೆಯೇ ಇಲ್ಲ! ಮದುವೆಯ ಆಹ್ವಾನಪತ್ರಿಕೆಯೊಂದರಲ್ಲಿ ವರನ ಜಾಗದಲ್ಲಿ ವರನ ಅಪ್ಪನ ಹೆಸರು ಬಿದ್ದಿದ್ದನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ಎರಡು ಸಂಸಾರಗಳನ್ನು ಉಳಿಸಿದವನು ನಾನು. ಔಷಧದ ಡಬ್ಬಿಯಾಗಲಿ, ಬಸ್ಸಿನ ಬೆನ್ನಾಗಲಿ, ಆಸ್ಪತ್ರೆಯ ಗೋಡೆಯಾಗಲಿ, ತಪ್ಪು ಕಂಡರೆ ಬಲಗೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತದೆ. ಇಂತಿಪ್ಪ ನಾನು ಒಂದು ದಿನ ಊಟದ ಮೇಜಿನ ಮೇಲೆ ಗುದ್ದಿ ಘೋಷಿಸಿದೆ: “ಅತ್ತೆಯ ಮಾತನ್ನು ಅತ್ತೆಯ ಹೆಸರಿಗೇ ದಕ್ಕಿಸಿಕೊಡದಿದ್ದರೆ ಇನ್ನು ಈ ಕೈ ಪೆನ್ನು ಮುಟ್ಟುವುದಿಲ್ಲ!”

ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹೆಂಡತಿ ಬಟ್ಟೆ ತಂದು ಮೇಜು ಒರೆಸುತ್ತಾ, “ಪೆನ್ನಿನ ವಿಷ್ಯ ಆಮೇಲೆ. ಮೊದ್ಲು ಲೋಟ ಮುಟ್ಬೇಡಿ” ಎಂದಳು.

ಈ ಪ್ರತಿಜ್ಞೆಗೆ ಕಾರಣ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಅವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುತ್ತಿದ್ದವರು. ಕೆಲಸದಿಂದ ನಿವೃತ್ತರಾದರೂ ಅವರ ಗಂಟಲು ನಿವೃತ್ತವಾಗಿರಲಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು “ಕಾಫಿ ಸಿದ್ಧವಾಗಿದೆ” ಎಂದು ಅವರು ಸಾರಿದರೆ ಪಕ್ಕದ ಮನೆಯವರು ಲೋಟ ತೊಳೆದುಕೊಳ್ಳುತ್ತಿದ್ದರು!

ಆದರೆ ಅತ್ತೆ ತೀರಿಕೊಂಡು, ಮಾವ ನಮ್ಮ ಜೊತೆ ಇರಲು ಬಂದ ಹೊಸತರಲ್ಲಿ ಆ ಗಂಟಲು ಎಲ್ಲೋ ಹೂತುಹೋಗಿತ್ತು. ಊಟಕ್ಕೆ ಕರೆದರೆ ಬರುವರು, ಬಡಿಸಿದರೆ ತಿನ್ನುವರು, ಕೇಳಿದರೆ “ಹೂಂ” ಎನ್ನುವರು. ಹೆಂಡತಿ ಆಸ್ಪತ್ರೆಯ ಲ್ಯಾಬಿನಿಂದ ಬಂದ ಕೂಡಲೇ, “ಅಪ್ಪ ಇವತ್ತು ಏನಾದ್ರೂ ಮಾತಾಡಿದ್ರಾ?” ಎಂದು ಮೊದಲು ಅದನ್ನೇ ಕೇಳುತ್ತಿದ್ದಳು.

ಆ ಗಂಟಲನ್ನು ವಾಪಸು ತಂದುಕೊಟ್ಟದ್ದು ಒಂದು ಸಿನಿಮಾ. ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಾಕಿದ್ದರು. ಜಗಳವಾಡಿ ಮನೆಬಿಟ್ಟು ಹೋದ ತಮ್ಮನಿಗಾಗಿ ಅಣ್ಣ ಕಾಯುವ ಕಥೆ. ಬೀದಿಯವರೆಲ್ಲ, “ಕಳ್ಳರು ಬರ್ತಾರೆ, ಬಾಗಿಲು ಹಾಕ್ಕೊಳ್ಳಪ್ಪ” ಎಂದು ಬುದ್ಧಿ ಹೇಳುತ್ತಾರೆ. ಅಣ್ಣ ಬಾಗಿಲಿಗೆ ಒರಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಾನೆ: “ಬಾಗಿಲು ತೆರೆದೇ ಇಡಿ. ಬರಬೇಕಾದವರು ಬರದಿದ್ದರೂ ಗಾಳಿ ಬರುತ್ತದೆ.”

ಈ ಮಾತು ಗೊತ್ತಿಲ್ಲದವರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ. ಸಿನಿಮಾ ಮರೆತವರಿಗೂ ಮಾತು ನೆನಪಿತ್ತು. ಭಾಷಣಗಳಲ್ಲಿ, ಗೋಡೆಗಳ ಮೇಲೆ, ಮೊಬೈಲಿಗೆ ಬೆಳಬೆಳಗ್ಗೆ ಬರುವ ಶುಭೋದಯದ ಹೂವುಗಳ ಕೆಳಗೆ, ಎಲ್ಲೆಲ್ಲೂ ಅದೇ. ಮಾವನಿಗೆ ಮಾತ್ರ ಸಿನಿಮಾದ ಗಂಧಗಾಳಿ ಇರಲಿಲ್ಲ. ಡ್ಯೂಟಿ, ಮನೆ, ಮತ್ತೆ ಡ್ಯೂಟಿ. ಅವತ್ತು ಮೊದಲ ಸಲ ಕೇಳಿದವರು ಕುರ್ಚಿಯಿಂದ ಎದ್ದೇಬಿಟ್ಟರು.

“ಇದು ಅವಳ ಮಾತು!”

ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. “ಯಾರ ಮಾತು ಮಾವ?” ಎಂದೆ ನಾನು.

“ನಿಮ್ಮತ್ತೆದು! ನಾನು ಡ್ಯೂಟಿಯಿಂದ ಬರೋದು ತಡ ಆಗೋದು. ಬಂದು ನೋಡಿದ್ರೆ ಹಿಂದಿನ ಬಾಗಿಲು ಹಾರುಹೊಡೆದಿರೋದು. ಯಾಕೆ ಹೀಗೆ ತೆಗೆದಿಟ್ಕೊಂಡು ಕೂತಿದ್ದೀಯ ಅಂತ ಬೈದ್ರೆ ಇದನ್ನೇ ಹೇಳೋಳು. ಒಂದಕ್ಷರ ಆಚೀಚೆ ಇಲ್ಲ, ಇದನ್ನೇ! ಯಾರೋ ಸಿನಿಮಾದೋರು ಅವಳ ಬಾಯಿಂದ ಕೇಳಿಸ್ಕೊಂಡು ಹೋಗಿದ್ದಾರೆ ನೋಡಿ!”

ಆ ಕೊನೆಯ ‘ನೋಡಿ’ ಬಸ್ ನಿಲ್ದಾಣದ ‘ನೋಡಿ’! ಕಿಟಕಿಯ ಗಾಜು ಅದುರಿತು. ಹೆಂಡತಿಯ ಮುಖ ನೋಡಿದೆ, ಕಣ್ಣು ಒದ್ದೆಯಾಗಿತ್ತು. “ಹೌದಪ್ಪ, ಅಮ್ಮ ಹೇಳ್ತಿದ್ದಿದ್ದು ಇದೇನೇ” ಎಂದಳು.

ಅವತ್ತಿನಿಂದ ಮಾವ ಬೇರೆಯೇ ಮನುಷ್ಯ. ಸಂಜೆ ಪಾರ್ಕಿಗೆ ಹೋಗತೊಡಗಿದರು. ಅಲ್ಲಿನ ಕಲ್ಲುಬೆಂಚಿನ ಗೆಳೆಯರಿಗೆ, ಕಡಲೆಕಾಯಿ ಮಾರುವವನಿಗೆ, ಕೊನೆಗೆ ನಾಯಿ ಕರೆದುಕೊಂಡು ಬರುವವರಿಗೂ, “ಆ ಸಿನಿಮಾದಲ್ಲಿ ಬರತ್ತಲ್ಲ ಮಾತು, ಅದು ನಮ್ಮ ಮನೆಯವಳದು” ಎಂದು ಸಾರಿದರು. ಎಲ್ಲರೂ ತಲೆದೂಗಿದರು. ಒಬ್ಬರನ್ನು ಬಿಟ್ಟು. ಆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. “ರೀ ಸ್ವಾಮಿ, ಅದು ಒಬ್ಬ ದೊಡ್ಡ ಸಂತರ ವಾಣಿ. ನಮ್ಮ ಶಾಲೆ ಗೋಡೆ ಮೇಲೆ ನಾನೇ ಬರೆಸಿದ್ದೆ. ಹೆಂಡತಿ ಮೇಲೆ ಪ್ರೀತಿ ಇರ್ಲಿ, ಆದ್ರೆ ಸಂತರ ವಾಣಿ ಕೊಂಡೊಯ್ದು ಅಡುಗೆಮನೆಗೆ ಸೇರಿಸ್ಬೇಡಿ” ಎಂದುಬಿಟ್ಟರಂತೆ. ಮಾವ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ನನಗೆ ತಿಳಿಯಿತು, ಏನೋ ಆಗಿದೆ. ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಆಗಲೇ ನಾನು ಮೇಜು ಗುದ್ದಿದ್ದು.

“ಅಪ್ಪ ನಿಮ್ಮನ್ನ ಹುಡುಕ್ಕೊಡಿ ಅಂತ ಕೇಳಿದ್ರಾ?” ಎಂದು ಹೆಂಡತಿ ವಿಚಾರಣೆಗೆ ಶುರುವಿಟ್ಟುಕೊಂಡಳು.

“ಕೇಳ್ಬೇಕಾ? ಅವರ ಮಾನ ಅಂದ್ರೆ ನನ್ನ ಮಾನ ಅಲ್ವಾ? ಆ ಹೆಡ್‌ಮಾಸ್ಟರಿಗೆ ಅವರ ಸಂತನ ವಿಳಾಸ ಕೊಡಿ ಅಂತ ಕೇಳ್ತೀನಿ. ಮೂಲ ಹಿಡಿದು ಎಳೀತೀನಿ!”

“ನಾನು ದಿನಾ ಲ್ಯಾಬಲ್ಲಿ ಜನರ ರಕ್ತ ನೋಡ್ತೀನಿ. ಡಾಕ್ಟ್ರು ಬರೆದಿದ್ದಕ್ಕಷ್ಟೇ ರಿಪೋರ್ಟ್ ಕೊಡ್ತೀನಿ. ಕೇಳದೇ ಇರೋದನ್ನ ಹುಡುಕಿ ಯಾರ ಕೈಗೂ ಕೊಡಲ್ಲ. ಬಿಟ್ಬಿಡಿ ಇದನ್ನ.”

“ರಕ್ತ ಬೇರೆ, ಸಾಹಿತ್ಯ ಬೇರೆ.”

“ಎರಡ್ರಲ್ಲೂ ಚುಚ್ಚಿದ್ರೆ ನೋವಾಗತ್ತೆ” ಎಂದು ಬಟ್ಟೆ ಹಿಂಡಲು ಹೋದಳು. ಅವಳಿಗೆ ಸಂಶೋಧನೆಯ ಮಹತ್ವ ಗೊತ್ತಿಲ್ಲ ಎಂದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ!

ಶೋಧನೆ ಅಚ್ಚುಕೂಟದಿಂದಲೇ ಆರಂಭವಾಯಿತು. ವಿಧಿಯೆಂಬಂತೆ ಆ ವಾರ ಒಂದು ಸಿಮೆಂಟ್ ಕಂಪನಿಯ ವಾರ್ಷಿಕ ವರದಿ ನನ್ನ ಮೇಜಿಗೆ ಬಂತು. ಕೊನೆಯ ಪುಟದಲ್ಲಿ ಅಧ್ಯಕ್ಷರ ನಗುಮುಖ. ಅದರ ಕೆಳಗೆ, “ನಾನು ಯಾವಾಗಲೂ ಹೇಳುವಂತೆ, ಬಾಗಿಲು ತೆರೆದೇ ಇಡಿ…” ಎಂದು ಅದೇ ಮಾತು! ಅಧ್ಯಕ್ಷರು ಅದನ್ನು ಹೂಡಿಕೆದಾರರನ್ನು ಕುರಿತು ಹೇಳಿದ್ದರು. ನಾನು ಸುತ್ತ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಇದು ತಮ್ಮ ಮಾತಲ್ಲ. ಮೂಲ ತಿಳಿಸಿ’ ಎಂದು ಬರೆದು ಕಳಿಸಿದೆ. ಮರುದಿನ ನಮ್ಮ ಮಾಲೀಕರು ನನ್ನನ್ನು ಕರೆಸಿಕೊಂಡರು. ಅವರ ಮುಖವೇ ಒಂದು ಕೆಂಪು ಗೆರೆಯಾಗಿತ್ತು.

“ನಿಮಗೆ ಅಕ್ಷರ ನೋಡೋಕೆ ಸಂಬಳ ಕೊಡ್ತೀನೋ, ಅಧ್ಯಕ್ಷರನ್ನ ವಿಚಾರಣೆ ಮಾಡೋಕೆ ಕೊಡ್ತೀನೋ?”

“ಸಾರ್, ಮೂಲ…”

“ಅಧ್ಯಕ್ಷರು ಹೇಳಿದ್ದೀನಿ ಅಂದ್ರೆ ಅವರೇ ಮೂಲ! ಅವರೇ ಕಾಂಡ! ಹೋಗಿ!”

ಎರಡನೆಯ ಸುಳಿವು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿತ್ತು. ಅಲ್ಲಿನ ಗೋಡೆಯ ಮೇಲೆ ಆ ಮಾತಿಗೆ ಬಂಗಾರದ ಬಣ್ಣದ ಚೌಕಟ್ಟು. ಕೆಳಗೆ ‘ಪ್ರಾಚೀನ ದಾರ್ಶನಿಕನೊಬ್ಬನ ನುಡಿ’ ಎಂದು ಬರೆದಿತ್ತು. ಯಾವ ದಾರ್ಶನಿಕ? ಡಾಕ್ಟರನ್ನು ಕಾಣಬೇಕೆಂದರೆ ಹೊರಗೆ ಕೂತ ಆಕೆ, “ಹಲ್ಲು ತೋರಿಸೋಕಾ? ಇಲ್ಲಾಂದ್ರೆ ಒಳಗೆ ಬಿಡಲ್ಲ” ಎಂದಳು. ತೋರಿಸೋಕೆ ಎಂದೆ. ಒಳಗೆ ಕುರ್ಚಿ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು, ಡಾಕ್ಟರ ಎರಡೂ ಕೈ ಅದರೊಳಗೆ ಹೋಯಿತು. ನಾನು ಗೋಡೆಯತ್ತ ಬೆರಳು ಮಾಡಿ “ಆ… ಆ…” ಎಂದೆ. ನೋಯುತ್ತಿದೆ ಎಂದುಕೊಂಡ ಪುಣ್ಯಾತ್ಮರು ಇನ್ನೊಂದು ಇಂಜೆಕ್ಷನ್ ಕೊಟ್ಟರು! ನನಗೇ ಗೊತ್ತಿಲ್ಲದ ಹುಳುಕೊಂದನ್ನು ಕೊರೆದು, ತುಂಬಿ, ಬಾಯಿ ಮುಕ್ಕಳಿಸಲು ಹೇಳಿದ ಮೇಲೆ ಕೇಳಲು ಅವಕಾಶ ಸಿಕ್ಕಿತು.

“ಅದಾ?” ಎಂದರು ಡಾಕ್ಟರು ಗೋಡೆ ನೋಡುತ್ತಾ. “ಫ್ರೇಮ್ ಅಂಗಡಿಯಲ್ಲಿ ತಗೊಂಡೆ. ಗುಲಾಬಿ ಹೂವಿನ ಚಿತ್ರ ಬೇಕಿತ್ತು, ಖಾಲಿಯಾಗಿತ್ತು.”

ಅರ್ಧ ಮುಖ ಮರಗಟ್ಟಿ ಮನೆಗೆ ಬಂದೆ. ಹೆಂಡತಿ ಏನಾಯಿತೆಂದು ಕೇಳಿದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮಾವ ಮಾತ್ರ ಓಡಿಬಂದು ನನ್ನನ್ನು ಕೂರಿಸಿ, ಫ್ಯಾನು ಹಾಕಿ, “ಅವಳ ಒಂದು ಮಾತಿಗೋಸ್ಕರ ಹಲ್ಲೇ ಕೊರೆಸ್ಕೊಂಡು ಬಂದಿದ್ದಾರೆ ನೋಡೇ” ಎಂದು ಮಗಳಿಗೆ ಹೇಳಿದರು. ಅವರ ಕಣ್ಣಲ್ಲಿ ನನ್ನ ಮೇಲೆ ಅಷ್ಟೊಂದು ಅಭಿಮಾನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಈಗ ನೆನೆಸಿಕೊಂಡರೆ ಆ ಹಲ್ಲಿಗಿಂತ ಹೆಚ್ಚು ನೋಯುವುದು ಅದೇ.

ನಿಜವಾದ ದಾರಿ ತೋರಿಸಿದವರು ಆ ಸಿನಿಮಾಕ್ಕೆ ಸಂಭಾಷಣೆ ಬರೆದವರು. ಹಿಂದೊಮ್ಮೆ ಅವರ ನಾಟಕದ ಪುಸ್ತಕವೊಂದನ್ನು ನಮ್ಮ ಅಚ್ಚುಕೂಟದಲ್ಲಿ ಅಚ್ಚುಹಾಕಿದ್ದರಿಂದ ಫೋನ್ ನಂಬರು ಸಿಕ್ಕಿತು. ಹಿರಿಯರು. ನಾನು ಆ ಮಾತಿನ ಹೆಸರೆತ್ತಿದ್ದೇ ತಡ, ಆ ಕಡೆಯಿಂದ ಒಂದು ದೀರ್ಘ ನಿಟ್ಟುಸಿರು ಬಂತು.

“ಆ ಜಾಗಕ್ಕೆ ನಾನು ಎರಡು ಪುಟ ಡೈಲಾಗ್ ಬರೆದಿದ್ದೆ ಸ್ವಾಮಿ. ಕಲ್ಲು ಕರಗ್ಬೇಕು, ಹಾಗಿತ್ತು! ನಮ್ಮ ಹೀರೋಗೆ ಅಷ್ಟುದ್ದ ಬಾಯಿಗೆ ಬರಲಿಲ್ಲ. ಕ್ಯಾಮೆರಾ ಓಡ್ತಾ ಇದೆ, ಇವನು ಬಾಗಿಲಿಗೆ ಒರಗಿ ನಿಂತಿದ್ದಾನೆ, ಮಾತು ಮರೆತಿದ್ದಾನೆ. ಆ ಬಾಗಿಲ ಮೇಲೊಂದು ತಗಡು ಹೊಡೆದಿತ್ತು. ಅದರ ಮೇಲೆ ಇದ್ದಿದ್ದನ್ನ ಓದಿಬಿಟ್ಟ!”

“ಹಾಗಾದ್ರೆ ಆ ಕಣ್ಣೀರು?”

“ಮರೆತೆ ಅಂತ ಭಯಕ್ಕೆ ಬಂದಿದ್ದು. ಜನ ಎದ್ದು ಚಪ್ಪಾಳೆ ಹೊಡೆದ್ರು. ಜೀವಮಾನ ಪೂರ್ತಿ ಸಿನಿಮಾಗೆ ಬರೆದೆ. ಜನಕ್ಕೆ ನೆನಪಿರೋದು ನಾನು ಬರೀದೇ ಇದ್ದ ಮಾತೊಂದೇ.” ಆಮೇಲೆ ನೆನಪಿಸಿಕೊಂಡವರಂತೆ, “ತಗಡಿನಲ್ಲಿ ಆ ಮಾತಿನ ಕೆಳಗೆ ಇನ್ನೊಂದು ಸಾಲಿತ್ತು. ಅದರ ಮೇಲೆ ಚಿಲಕ ಕೂರಿಸಿದ್ರು, ಕಾಣ್ತಿರಲಿಲ್ಲ. ಬಾಗಿಲು ತಂದಿದ್ದು ರೈಲ್ವೆ ಗೇಟ್ ಹತ್ರ ಹಳೇ ಬಾಗಿಲು ಕಿಟಕಿ ಮಾರ್ತಾರಲ್ಲ, ಅಲ್ಲಿಂದ. ಕೆಲಸ ಮುಗಿದ್ಮೇಲೆ ವಾಪಸ್ಸೂ ಅಲ್ಲಿಗೇ ಹಾಕಿದ್ವಿ” ಎಂದರು.

ಫೋನಿಟ್ಟವನೇ ಅರ್ಧ ದಿನ ರಜೆ ಹಾಕಿ ಹೊರಟೆ. ಕಾಣದ ಆ ಸಾಲಿನಲ್ಲಿ ಹೇಳಿದವರ ಹೆಸರೇ ಇರಬೇಕು! ನನ್ನ ಎದೆ ಹೊಡೆದುಕೊಳ್ಳುವುದು ದಾರಿಯಲ್ಲಿ ಪಕ್ಕದಿಂದ ಹಾದುಹೋದ ಸೈಕಲ್ಲಿನವನಿಗೂ ಕೇಳಿಸುವಂತಿತ್ತು.

ಕೆಡವಿದ ಮನೆಗಳ ಬಾಗಿಲುಗಳೆಲ್ಲ ಅಲ್ಲಿ ಸಾಲಾಗಿ ಒರಗಿದ್ದವು. ಒಂದೊಂದರ ಮೇಲೂ ಯಾರದೋ ಮನೆಯ ನಂಬರು, ಯಾವುದೋ ಮಗು ಗೀಚಿದ ಸೂರ್ಯ. ಧೂಳು ಕುಡಿಯುತ್ತಾ ಒಂದೊಂದನ್ನೇ ಸರಿಸುತ್ತಾ ಹೋದೆ. ಹಿಂದಿನ ಸಾಲಿನಲ್ಲಿ, ಮರದ ಚೌಕಟ್ಟಿಗೆ ತಂತಿ ಜಾಲರಿ ಬಡಿದ ಬಾಗಿಲೊಂದು ಗೋಡೆಗೆ ಮುಖಮಾಡಿ ನಿಂತಿತ್ತು. ತಿರುಗಿಸಿದೆ. ನಡುಪಟ್ಟಿಯ ಮೇಲೆ ಹಸಿರು ಬಣ್ಣದ ತಗಡು, ಕೆಳಗೆ ಚಿಲಕ ಕಿತ್ತ ಗುರುತು, ತುದಿಯಲ್ಲಿ ತುಕ್ಕು, ಅಕ್ಷರ ಮಾತ್ರ ಸ್ಪಷ್ಟ:

‘ಬಾಗಿಲು ತೆರೆದೇ ಇಡಿ.
ಬರಬೇಕಾದವರು ಬರದಿದ್ದರೂ ಗಾಳಿ ಬರುತ್ತದೆ.
ಸೊಳ್ಳೆ ಮಾತ್ರ ಬರುವುದಿಲ್ಲ!’

ಕೆಳಗೆ ಜಾಲರಿ ಬಾಗಿಲು ಮಾಡುವ ಕಂಪನಿಯ ಗುರುತು.

ನಾನು ಅಲ್ಲೇ ಕುಣಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾಗಿಯೂ ಕುಣಿದೆ! ಸಂತನೂ ಅಲ್ಲ, ದಾರ್ಶನಿಕನೂ ಅಲ್ಲ, ಅಧ್ಯಕ್ಷರೂ ಅಲ್ಲ. ಊರಿಗೆ ಊರೇ ಮಾಡಿದ ತಪ್ಪನ್ನು ಒಬ್ಬನೇ ಹಿಡಿದಿದ್ದೆ. ಹೆಡ್‌ಮಾಸ್ಟರ ಮುಖ ಕಣ್ಣಮುಂದೆ ಬಂತು. ಸಿಮೆಂಟ್ ಕಂಪನಿಯ ಅಧ್ಯಕ್ಷರ ಮುಖವೂ ಬಂತು. ಬರಬೇಕಾಗಿದ್ದದ್ದು ಮಾವನ ಮುಖ. ಅದು ಬರಲೇ ಇಲ್ಲ. ಯಾರ ಪರವಾಗಿ ಹೊರಟಿದ್ದೆ, ಏನನ್ನು ಉಳಿಸಲು ಹೊರಟಿದ್ದೆ ಎನ್ನುವುದೇ ಆ ಸಂಭ್ರಮದಲ್ಲಿ ಮರೆತುಹೋಯಿತು. ಬಾಗಿಲನ್ನು ಮತ್ತೆ ಗೋಡೆಗೆ ತಿರುಗಿಸಿ ಬಂದಿದ್ದರೆ ಮುಗಿಯುತ್ತಿತ್ತು. ಎಷ್ಟು ಸುಲಭದ ಕೆಲಸ ಅದು!

“ಈ ತಗಡು ಕೊಡ್ತೀರಾ?” ಎಂದು ಅಂಗಡಿಯವನನ್ನು ಕೇಳಿದೆ.

“ಕಿತ್ರೆ ಪಟ್ಟಿ ಸೀಳತ್ತೆ. ಬಾಗಿಲ ಸಮೇತ ತಗೊಳ್ಳಿ” ಎಂದ.

ಬಾಗಿಲ ಸಮೇತ ತಗೊಂಡೆ. ಟೆಂಪೋ ಹಿಂದೆ ಅದನ್ನು ಹಿಡಿದುಕೊಂಡು ನಿಂತು, ಪಟ್ಟಾಭಿಷೇಕಕ್ಕೆ ಹೊರಟ ರಾಜನ ಹಾಗೆ ಊರಿನ ನಡುವೆ ಬಂದೆ. ಪಾರ್ಕಿನ ಹತ್ತಿರ ಟೆಂಪೋ ನಿಲ್ಲಿಸಿ, “ಹೆಡ್‌ಮಾಸ್ಟ್ರೇ, ನಾಳೆ ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ನಮ್ಮನೆಗೆ ಬನ್ನಿ. ನಿಮ್ಮ ಸಂತರನ್ನ ಮುಖತಃ ಭೇಟಿ ಮಾಡಿಸ್ತೀನಿ!” ಎಂದು ಕೂಗಿದೆ. ನಾವಿರುವುದು ಮೇಲಿನ ಮಹಡಿಯಲ್ಲಿ. ನಾನೂ ಟೆಂಪೋದವನೂ ಸೇರಿ ಬಾಗಿಲನ್ನು ಮೆಟ್ಟಿಲು ಹತ್ತಿಸುವಾಗ ಗೋಡೆಯ ಸುಣ್ಣ ಹೋಯಿತು, ಕೆಳಗಿನ ಮನೆಯವರ ಹೂಕುಂಡ ಹೋಯಿತು, ನನ್ನ ಮೊಣಕೈ ಚರ್ಮ ಹೋಯಿತು. ಹಾಲಿನಲ್ಲಿ ಒರಗಿಸಿ ಮೇಲೊಂದು ಹಾಸಿಗೆಯ ಹೊದಿಕೆ ಮುಚ್ಚಿದೆ. ಹೆಂಡತಿಗೆ ಅವತ್ತು ರಾತ್ರಿಪಾಳಿ. ಅವಳು ಆಗಲೇ ಹೋಗಿಯಾಗಿತ್ತು.

“ಏನದು?” ಎಂದರು ಮಾವ.

“ಪುರಾವೆ!” ಎಂದೆ.

“ನಿಮ್ಮತ್ತೆ ಮಾತಿಂದಾ?”

“ಅದೇ ಮಾತಿಂದು. ನಾಳೆ ನೋಡ್ತೀರಂತೆ.”

ಅವರು ಮತ್ತೇನೂ ಕೇಳಲಿಲ್ಲ. ನನ್ನ ಮಾತನ್ನು ನಂಬಿದರು, ಅಷ್ಟೇ.

ಮರುದಿನ ಮಾವ ಎಲ್ಲರಿಗಿಂತ ಮೊದಲು ಎದ್ದು, ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕುರ್ಚಿಗಳನ್ನು ತಾವೇ ಹಾಕಿದರು. ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿದರು. ಪಾರ್ಕಿನವರು ಬಂದಾಗ ಹೆಡ್‌ಮಾಸ್ಟರ ಕೈ ಹಿಡಿದು ಕೂರಿಸಿ, “ನಮ್ಮ ಅಳಿಯಂದ್ರು ಹಿಡಿದ ಕೆಲಸ ಬಿಡೋರಲ್ಲ” ಎಂದು ಬೀಗಿದರು. ನಾನು ಗಂಟಲು ಸರಿಮಾಡಿಕೊಂಡು ಭಾಷಣವನ್ನೇ ಬಿಗಿದೆ. ಹಲ್ಲು ಕೊರೆಸಿಕೊಂಡ ತ್ಯಾಗವನ್ನೂ ಬಿಡಲಿಲ್ಲ. “ಮಹನೀಯರೇ, ಇದೋ ಮೂಲ!” ಎಂದು ಹೊದಿಕೆ ಎಳೆಯುವುದಕ್ಕೂ, ಹೆಂಡತಿ ಪಾಳಿ ಮುಗಿಸಿ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

“ರೀ!” ಎಂದಳು.

ಹೊದಿಕೆ ಬಿದ್ದಿತ್ತು.

“ಮಾವ, ನಿಮ್ಮ ಗಂಟಲಲ್ಲೇ ಓದಿ, ಎಲ್ಲರೂ ಕೇಳ್ಲಿ!” ಎಂದೆ ನಾನು. ಹೌದು, ಅದನ್ನೂ ನಾನೇ ಹೇಳಿದೆ.

ಮಾವ ಕನ್ನಡಕ ಹಾಕಿಕೊಂಡು ಎದ್ದು ನಿಂತು, ಬಸ್ಸು ಹೊರಡುವ ಹೊತ್ತಿನ ಗತ್ತಿನಲ್ಲಿ ಮೊದಲ ಸಾಲು ಓದಿದರು. ಎರಡನೆಯ ಸಾಲು ಓದುವಾಗ ಸ್ವರ ಇನ್ನೂ ಮೇಲೆ ಹೋಯಿತು. ಅದೇ ಓಘದಲ್ಲಿ ಮೂರನೆಯದಕ್ಕೆ ಹೊರಳಿ, “ಸೊಳ್ಳೆ ಮಾತ್ರ…” ಎಂದವರು ಅರೆಕ್ಷಣ ನಿಂತರು. ಕೈಗೆ ಬಂದ ಚೀಟಿಯನ್ನು ಪೂರ್ತಿ ಓದಿ ಅಭ್ಯಾಸ. “…ಬರುವುದಿಲ್ಲ” ಎಂದು ಮೆಲ್ಲಗೆ ಮುಗಿಸಿದರು.

ಕೋಣೆ ನಗೆಯಲ್ಲಿ ಸಿಡಿಯಿತು. ಹೆಡ್‌ಮಾಸ್ಟರಂತೂ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿ ಕೆಮ್ಮುವವರೆಗೂ ನಕ್ಕರು. “ನನ್ನ ಸಂತನೂ ಹೋದ, ನಿಮ್ಮ ಮನೆಯವರೂ ಹೋದ್ರು! ಗೆದ್ದಿದ್ದು ಸೊಳ್ಳೆ!” ಎಂದರು. ನಾನೂ ನಗುತ್ತಿದ್ದೆ. ‘ನಿಮ್ಮ ಮನೆಯವರೂ ಹೋದ್ರು’ ಎನ್ನುವ ಮಾತು ತಲೆಗೆ ಇಳಿದಾಗ ನನ್ನ ನಗು ನಿಂತಿತು.

ಮಾವ ಜಾಲರಿಯ ಮೇಲೆ ಕೈಯಾಡಿಸುತ್ತಿದ್ದರು. “ನಮ್ಮ ಹಳೇ ಮನೆ ಹಿಂದಿನ ಬಾಗಿಲಿಗೂ ಇಂಥದ್ದೇ ಜಾಲರಿ ಬಾಗಿಲಿತ್ತು” ಎಂದರು, ಯಾರಿಗೂ ಅಲ್ಲವೆಂಬಂತೆ. “ತಗಡು ಅಡುಗೆಮನೆ ಒಳಗಡೆಗೆ ಇತ್ತೇನೋ. ನಾನು ಹೊರಗಿಂದ ಬರ್ತಿದ್ದೆ, ನೇರ ಊಟಕ್ಕೆ ಕೂರ್ತಿದ್ದೆ. ಒಳಗೆ ನಿಂತು ಒಂದಿನ ತಿರುಗಿ ನೋಡಿದ್ರೆ ತಾನೇ ಗೊತ್ತಾಗೋದು.” ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, “ಹಾಗಾದ್ರೆ ಅವಳು ಓದಿ ಹೇಳ್ತಿದ್ಲು. ಸರಿ. ತಿಳ್ಕೊಂಡಂಗಾಯ್ತು” ಎಂದು ಎಲ್ಲರಿಗೂ ಕೈಮುಗಿದು ತಮ್ಮ ಕೋಣೆಗೆ ಹೋದರು.

ಬಂದವರು ಮೆಲ್ಲಗೆ ಎದ್ದು ಹೋದರು. ಹೆಂಡತಿ ಬ್ಯಾಗನ್ನು ಹೆಗಲಿಂದ ಇಳಿಸದೆ ಅಲ್ಲೇ ಕೂತಳು.

“ನಂಗೆ ಗೊತ್ತಿತ್ತು” ಎಂದಳು.

“ಏನು ಗೊತ್ತಿತ್ತು?”

“ಇದು ತಗಡಿನ ಮೇಲಿನ ಮಾತು ಅಂತ. ನಾನು ಅಕ್ಷರ ಕೂಡಿಸಿ ಓದೋಕೆ ಕಲಿತಿದ್ದೇ ಅದನ್ನ ನೋಡಿ. ಅಮ್ಮ ಒಲೆ ಮುಂದೆ ನಿಂತ್ಕೊಂಡು ಬೆರಳಿಟ್ಟು ತೋರಿಸ್ತಿದ್ಲು. ಸೊಳ್ಳೆ ಅನ್ನೋದು ಓದೋಕೆ ಬರದೆ ಅಳ್ತಿದ್ದೆ.”

“ಮತ್ತೆ ಅವತ್ತು ಯಾಕೆ ಹೌದಪ್ಪ ಅಂದೆ?”

“ಅಷ್ಟು ದಿನ ಬಾಯಿ ಬಿಡದ ಅಪ್ಪ ಅವತ್ತು ಎದ್ದು ಕೂಗಿದ್ರು. ಆಗ ನಾನು, ಇಲ್ಲಪ್ಪ ಅದು ಸೊಳ್ಳೆ ಬಾಗಿಲಿಂದು ಅನ್ನಬೇಕಿತ್ತಾ? ಬಿಟ್ಬಿಡಿ ಅಂತ ನಿಮಗೆ ಎಷ್ಟು ಸಲ ಹೇಳ್ದೆ! ಇದನ್ನೂ ಹೇಳಿದ್ರೆ ನಿಮ್ಮ ಬಾಯಲ್ಲಿ ನಿಲ್ಲತ್ತಾ ಅಂತ ಹೇಳಲಿಲ್ಲ.”

ಜಗತ್ತಿನ ತಪ್ಪುಗಳನ್ನೆಲ್ಲ ಹಿಡಿಯುವ ಕಣ್ಣಿಗೆ ಮನೆಯೊಳಗೆ ಕಣ್ಣೀರು ಒರೆಸಿಕೊಂಡು ನಿಂತವಳು ಕಂಡಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಫಿ ಸಿದ್ಧವಾದದ್ದು ಯಾರಿಗೂ ಗೊತ್ತಾಗಲಿಲ್ಲ. ಮಾವ ಪಾರ್ಕಿಗೆ ಹೋಗಲಿಲ್ಲ. ಕೇಳಿದರೆ “ಮೊಣಕಾಲು” ಎಂದರು. ಊಟಕ್ಕೆ ಕರೆದರೆ ಬಂದರು, ಬಡಿಸಿದರೆ ತಿಂದರು, ಕೇಳಿದರೆ “ಹೂಂ” ಎಂದರು. ಹೆಂಡತಿ ಲ್ಯಾಬಿನಿಂದ ಬಂದು ಏನನ್ನೂ ಕೇಳದೆ ನನ್ನ ಮುಖ ನೋಡುತ್ತಿದ್ದಳು. ಕೇಳಿದ್ದರೇ ವಾಸಿಯಿತ್ತು.

ತಡೆಯಲಾರದೆ ನಾನೊಂದು ಸುಳ್ಳು ತಯಾರಿಸಿದೆ. “ಮಾವ, ಕಂಪನಿಯವರಿಗೆ ಫೋನ್ ಮಾಡಿದ್ದೆ. ಆ ಮಾತು ಅವರದ್ದಲ್ವಂತೆ. ಯಾರೋ ಒಬ್ಬ ಗೃಹಿಣಿ ಹೇಳಿದ್ದನ್ನ ಕೇಳಿಸ್ಕೊಂಡು ಹಾಕಿದ್ರಂತೆ. ನನಗನ್ಸತ್ತೆ, ಅತ್ತೇನೇ…”

ಮಾವ ಓದುತ್ತಿದ್ದ ಪೇಪರಿನಿಂದ ತಲೆಯೆತ್ತಿದರು. “ನೀವು ತಪ್ಪು ತಿದ್ದೋರು. ತಪ್ಪು ಬರೆಯೋಕೆ ಹೋಗ್ಬೇಡಿ, ಚೆನ್ನಾಗಿ ಬರಲ್ಲ” ಎಂದರು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬಾಗಿಲು ಹಾಲಿನಲ್ಲೇ ಇತ್ತು. ಮಾರಿದವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ. ನಮ್ಮ ಮನೆಯ ಯಾವ ಚೌಕಟ್ಟಿಗೂ ಅದು ಕೂರುವುದಿಲ್ಲ. ಬೆಳಿಗ್ಗೆ ಎದ್ದರೆ ಅದರ ದರ್ಶನ. ಕತ್ತಲಲ್ಲಿ ಎದ್ದರೆ ನನ್ನ ಕಾಲಿನ ಕಿರುಬೆರಳಿಗೆ ಅದರ ಸ್ಪರ್ಶ. ತಗಡಿನ ಮೇಲೆ ಟವೆಲ್ಲು ಹಾಕಿದೆ. ಫ್ಯಾನಿನ ಗಾಳಿಗೆ ಟವೆಲ್ಲು ಜಾರಿ ಸರಿಯಾಗಿ ಮೂರನೆಯ ಸಾಲನ್ನೇ ತೋರಿಸಿತು! ಇಷ್ಟಾಗಿಯೂ ಮನೆ ತುಂಬ ಸೊಳ್ಳೆ. ಒರಗಿಸಿಟ್ಟ ಬಾಗಿಲು ಯಾವ ಸೊಳ್ಳೆಯನ್ನು ತಾನೇ ತಡೆದೀತು?

ಒಂದು ಬೆಳಿಗ್ಗೆ ಮಾವ ತಾವಾಗಿಯೇ ಹೊರಬಂದು, “ಬನ್ನಿ, ಇದನ್ನ ತಾರಸಿಗೆ ಹಾಕೋಣ” ಎಂದರು. “ಮೊಣಕಾಲು?” ಎಂದೆ. “ಅದಕ್ಕೇನಾಗಿದೆ” ಎಂದರು. ಮೇಲಿನ ತುದಿ ಅವರು ಹಿಡಿದರು, ಕೆಳಗಿನದು ನಾನು. ತಾರಸಿ ಮೆಟ್ಟಿಲ ತಿರುವಿನಲ್ಲಿ ಬಾಗಿಲು ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಭಾರವೆಲ್ಲ ನನ್ನ ಎದೆಯ ಮೇಲೆ. ಸುಧಾರಿಸಿಕೊಳ್ಳಲು ಇಬ್ಬರೂ ನಿಂತೆವು. ಜಾಲರಿಯ ಆಚೆ ಮಾವನ ಮುಖ ಕಾಣುತ್ತಿತ್ತು.

“ತಪ್ಪಾಯ್ತು ಮಾವ” ಎಂದೆ.

“ಇದ್ದಿದ್ದನ್ನ ತೋರಿಸಿದ್ರಿ.”

“ತೋರಿಸಬಾರದಿತ್ತು.”

“ಹೌದು, ತೋರಿಸಬಾರದಿತ್ತು” ಎಂದರು. ಪರವಾಗಿಲ್ಲ ಬಿಡಿ ಎನ್ನುತ್ತಾರೆಂದು ಕಾದಿದ್ದ ನನಗೆ ಬಾಗಿಲು ಇನ್ನಷ್ಟು ಭಾರವಾಯಿತು.

ಮಾವ ಉಸಿರು ಎಳೆದುಕೊಂಡರು. “ಊರಿನ ಬಸ್ಸಿನದೆಲ್ಲ ಬಾಯಿಪಾಠ ಇತ್ತು ನಂಗೆ. ಮನೇಲಿ ಅವಳು ಏನು ಹೇಳ್ತಿದ್ಲು ಅಂದ್ರೆ ಒಂದೂ ಜ್ಞಾಪಕ ಇಲ್ಲ. ಉಪ್ಪು ಸರಿಯಿದ್ಯಾ, ಬೀಗದ ಕೈ ಎಲ್ಲಿಟ್ರಿ, ಅದನ್ನೆಲ್ಲ ಯಾರು ನೆನಪಿಟ್ಕೊಳ್ತಾರೆ? ನೆನಪಿದ್ದಿದ್ದು ಇದೊಂದು. ಟಿವಿಲಿ ಕೇಳಿದಾಗ ಅವಳೇ ಬಂದಂಗಾಯ್ತು. ಇದೂ ಅವಳದಲ್ಲ ಅಂದ್ಮೇಲೆ ಮಾತಾಡೋಕೇ ಮನಸ್ಸಾಗ್ಲಿಲ್ಲ. ಇಷ್ಟು ದಿನ ಆ ಕೋಣೇಲಿ ಕೂತು ಹುಡುಕ್ತಾ ಇದ್ದೆ. ಇಷ್ಟು ವರ್ಷ ಜೊತೆಗಿದ್ದೋಳು, ಅವಳದೇ ಅನ್ನೋ ಒಂದು ಮಾತಾದ್ರೂ ಇರ್ಬೇಕಲ್ಲ ಅಂತ.”

ನನ್ನ ಕಣ್ಣು ಮಂಜಾಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಬಾಗಿಲು.

“ಸಿಕ್ತಾ ಮಾವ?”

“ಇವತ್ತು ಬೆಳಿಗ್ಗೆ ಸಿಕ್ತು. ನಿಮ್ಮ ಮದುವೆಯಾದ ಹೊಸತು. ನೀವು ನಮ್ಮನೇಲಿ ಊಟ ಮಾಡಿ ಹೋದ ಮೇಲೆ ಪಾತ್ರೆ ಎತ್ತಿಡ್ತಾ ಹೇಳಿದ್ಲು.” ಮಾವ ಎದೆ ಉಬ್ಬಿಸಿ, ಬಸ್ ನಿಲ್ದಾಣದ ಪೂರ್ತಿ ಗಂಟಲಿನಲ್ಲಿ ಸಾರಿದರು: “‘ಅಳಿಯಂದ್ರು ಬಂಗಾರದಂಥೋರು ರೀ. ಆದ್ರೆ ಯಾವಾಗ ಸುಮ್ನಿರಬೇಕು ಅನ್ನೋದೊಂದು ಗೊತ್ತಿಲ್ಲ!’”

ಕೆಳಗಿನ ಮನೆಯವರು ಕಿಟಕಿ ತೆಗೆದರು. ನಮ್ಮ ಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಎಷ್ಟೋ ದಿನಗಳ ಮೇಲೆ ಅವಳು ನಗುತ್ತಿದ್ದಳು.

“ಯಾವ ಸಿನಿಮಾದಲ್ಲೂ ಇಲ್ಲ, ಯಾವ ತಗಡಿನ ಮೇಲೂ ಇಲ್ಲ. ಅಪ್ಪಟ ಅವಳದೇ!” ಎಂದರು ಮಾವ. “ಬೇಕಾದ್ರೆ ಹೋಗಿ ಮೂಲ ಹುಡುಕಿ!”

ನಾನು ಏನೋ ಹೇಳಲು ಬಾಯಿ ತೆರೆದೆ.

“ನೋಡಿದ್ರಾ?” ಎಂದರು ಮಾವ.